ಉಪ್ಪಿನ ಮೇಲೆ ನಿಂತ ಕಮಾನುಗಳು: ಆರ್ಚಸ್ ಉದ್ಯಾನದ ಮರಳುಗಲ್ಲು ಸವೆದ ಬಗೆ

ಅಮೆರಿಕದ ಯೂಟಾ ರಾಜ್ಯದ ಪೂರ್ವ ಭಾಗದಲ್ಲಿ, ಮೋಆಬ್ ಎಂಬ ಸಣ್ಣ ಪಟ್ಟಣದ ಉತ್ತರಕ್ಕೆ, ಕೊಲರಾಡೊ ನದಿಯ ಮಗ್ಗುಲಲ್ಲೇ ಮೇಲೇಳುವ ಕೆಂಪು ಕಲ್ಲಿನ ಎತ್ತರದ ಬಯಲಿನಲ್ಲಿ ಆರ್ಚಸ್ ರಾಷ್ಟ್ರೀಯ ಉದ್ಯಾನವಿದೆ. ಅದರ ವಿಸ್ತಾರ ಸುಮಾರು 310 ಚದರ ಕಿಲೋಮೀಟರ್. ಅಷ್ಟು ಜಾಗದೊಳಗೆ ಇದುವರೆಗೆ ದಾಖಲಾಗಿರುವ ಸಹಜ ಕಲ್ಲುಕಮಾನುಗಳ ಸಂಖ್ಯೆ 2,000ವನ್ನು ಮೀರುತ್ತದೆ. ಇಷ್ಟು ಒತ್ತೊತ್ತಾಗಿ ಕಮಾನುಗಳು ನಿಂತಿರುವ ಇನ್ನೊಂದು ಪ್ರದೇಶ ಭೂಮಿಯ ಮೇಲೆ ಇಲ್ಲ. ಕಮಾನುಗಳ ಜೊತೆಗೆ ನೂರಾರು ಅಡಿ ಎತ್ತರದ ತೆಳು ಕಲ್ಲುಗೋಡೆಗಳು, ಒಂಟಿ ಕಂಬಗಳು, ಸಣ್ಣ ಪೀಠದ ಮೇಲೆ ಕೂತ ದೈತ್ಯ ಬಂಡೆಗಳು ಸಹ ಇಲ್ಲಿವೆ.

ಮರಳುಗಲ್ಲು ಜಗತ್ತಿನ ಎಲ್ಲ ಖಂಡಗಳಲ್ಲೂ ಇದೆ. ಮಳೆ, ಗಾಳಿ, ಬಿಸಿಲು ಎಲ್ಲ ಕಡೆಯೂ ಇವೆ. ಹಾಗಿದ್ದಮೇಲೆ ಈ ಒಂದು ತುಂಡು ನೆಲದಲ್ಲಿ ಮಾತ್ರ ಕಲ್ಲು ಹೀಗೆ ತೂತುತೂತಾಗಿ ಸವೆದದ್ದೇಕೆ? ಮರುಭೂಮಿಯ ಗಾಳಿ ಕೊರೆದು ಹೀಗೆ ಮಾಡಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಕೇಳಲು ಸೊಗಸಾಗಿದ್ದರೂ ಆ ಉತ್ತರ ಬಹುಮಟ್ಟಿಗೆ ತಪ್ಪು. ಸರಿಯಾದ ಉತ್ತರ ಸಿಗಬೇಕಾದರೆ ಕಮಾನಿನತ್ತ ತಲೆಯೆತ್ತಿ ನೋಡುವ ಮೊದಲು ಕಾಲಡಿಯ ನೆಲದ ಆಳದಲ್ಲಿ ಏನಿದೆ ಎಂದು ವಿಚಾರಿಸಬೇಕು. ಅಲ್ಲಿರುವುದು ಉಪ್ಪು.

ಸುಮಾರು 30 ಕೋಟಿ ವರ್ಷಗಳ ಹಿಂದೆ ಈ ಪ್ರದೇಶ ಒಂದು ತಗ್ಗಾಗಿತ್ತು. ಸಮುದ್ರದ ನೀರು ಅದರೊಳಗೆ ಬಂದು ತುಂಬಿಕೊಳ್ಳುತ್ತಿತ್ತು. ಹೊರಗಿನ ಸಮುದ್ರದೊಂದಿಗಿನ ಸಂಪರ್ಕ ಕಡಿದಾಗ ಬಿಸಿಲಿಗೆ ಆವಿಯಾಗಿ ತಳದಲ್ಲಿ ಉಪ್ಪು, ಜಿಪ್ಸಮ್ ಉಳಿಯುತ್ತಿದ್ದವು. ಮತ್ತೆ ನೀರು ಬರುತ್ತಿತ್ತು, ಮತ್ತೆ ಇಂಗುತ್ತಿತ್ತು. ಭೂವಿಜ್ಞಾನಿಗಳು ಇಂತಹ 29 ಆವರ್ತನಗಳನ್ನು ಪದರಗಳಲ್ಲಿ ಎಣಿಸಿದ್ದಾರೆ. ಕೊನೆಗೆ ಉಳಿದದ್ದು ಸಾವಿರಾರು ಅಡಿ ದಪ್ಪದ ಉಪ್ಪಿನ ಹಾಸು. ಇದಕ್ಕೆ ಪ್ಯಾರಡಾಕ್ಸ್ ಶಿಲಾಸ್ತರ ಎಂದು ಹೆಸರು. ಮುಂದಿನ ಕೋಟ್ಯಂತರ ವರ್ಷಗಳಲ್ಲಿ ಅದರ ಮೇಲೆ ಪಕ್ಕದ ಬೆಟ್ಟಗಳಿಂದ ಕೊಚ್ಚಿಬಂದ ಜಲ್ಲಿ, ನದಿಗಳು ತಂದ ಮೆಕ್ಕಲು, ಮರುಭೂಮಿಯ ಮರಳು ಪದರ ಪದರವಾಗಿ ಬಿದ್ದವು.

ಆ ಮೇಲಿನ ಪದರಗಳಲ್ಲಿ ಮೂರನ್ನು ಮಾತ್ರ ಇಲ್ಲಿ ನೆನಪಿಟ್ಟುಕೊಂಡರೆ ಸಾಕು, ಏಕೆಂದರೆ ಉದ್ಯಾನದ ಹೆಚ್ಚುಕಡಿಮೆ ಎಲ್ಲ ಕಮಾನುಗಳೂ ಈ ಮೂರರ ನಡುವಿನ ವ್ಯವಹಾರದಿಂದಲೇ ಹುಟ್ಟಿದವು. ಎಲ್ಲಕ್ಕಿಂತ ಕೆಳಗಿರುವುದು ಡ್ಯೂಯಿ ಬ್ರಿಜ್ ಎಂಬ ಪದರ: ಮರಳಿಗಿಂತ ನಯವಾದ ಹೂಳು, ಜೇಡಿ ಬೆರೆತ, ಅಲೆಅಲೆಯಾಗಿ ತಿರುಚಿಕೊಂಡಂತೆ ಕಾಣುವ ಮೆತ್ತನೆಯ ಕಲ್ಲು. ಅದರ ಮೇಲೆ ಸ್ಲಿಕ್ ರಾಕ್ ಎಂಬ ದಪ್ಪ ಪದರ; ಜುರಾಸಿಕ್ ಯುಗದಲ್ಲಿ, ಸುಮಾರು 16ರಿಂದ 18 ಕೋಟಿ ವರ್ಷಗಳ ಹಿಂದೆ ದಿಬ್ಬದಿಬ್ಬವಾಗಿ ಹರಡಿದ್ದ ಮರುಭೂಮಿಯ ಮರಳು ಗಟ್ಟಿಯಾಗಿ ಆದ ಎಂಟ್ರಾಡಾ ಮರಳುಗಲ್ಲು ಇದು. ಉದ್ಯಾನದ ಚಿತ್ರಗಳಲ್ಲಿ ಕಣ್ಣಿಗೆ ಹೊಡೆಯುವ ಕಿತ್ತಳೆಗೆಂಪು ಇದರದೇ. ಅದರ ಮೇಲೆ ಮೋಆಬ್ ಪದರ: ತೆಳು, ಬಿಳಿಚು ಬಣ್ಣ, ಗಡಸು. ಹೀಗೆ ಮೆತ್ತನೆಯದು ಅಡಿಗೆ, ಮಧ್ಯಮದ್ದು ನಡುವೆ, ಗಟ್ಟಿಯಾದದ್ದು ನೆತ್ತಿಗೆ. ಸವೆತಕ್ಕೆ ಇದಕ್ಕಿಂತ ಅನುಕೂಲವಾದ ಜೋಡಣೆ ಬೇಕಿಲ್ಲ.

ಉಪ್ಪಿಗೆ ಎರಡು ವಿಚಿತ್ರ ಗುಣಗಳಿವೆ. ಒಂದು, ಆಳದಲ್ಲಿ ಹೂತು ಮೇಲಿನ ಕಲ್ಲಿನ ಭಾರಕ್ಕೆ ಸಿಕ್ಕಿದಾಗ ಅದು ಕಲ್ಲಿನಂತೆ ಬಿಗಿಯಾಗಿ ನಿಲ್ಲುವುದಿಲ್ಲ. ನಾದಿದ ಹಿಟ್ಟಿನ ಮುದ್ದೆಯನ್ನು ಅಂಗೈಯಿಂದ ಒತ್ತಿದಾಗ ಅದು ಬದಿಗೆ ಜಾರಿ ಒತ್ತಡ ಕಡಿಮೆಯಿರುವಲ್ಲಿ ಉಬ್ಬುವಂತೆ ಉಪ್ಪೂ ಅತಿ ನಿಧಾನವಾಗಿ ಹರಿಯುತ್ತದೆ. ಮೇಲಿನ ಕಲ್ಲಿಗಿಂತ ಹಗುರವೂ ಆಗಿರುವುದರಿಂದ ಮೇಲಕ್ಕೇರಲು ದಾರಿ ಹುಡುಕುತ್ತದೆ. ಇನ್ನೊಂದು, ಎಲ್ಲರಿಗೂ ಗೊತ್ತಿರುವುದೇ: ಸಿಹಿನೀರು ತಾಗಿದರೆ ಕರಗುತ್ತದೆ. ಆರ್ಚಸ್ ಉದ್ಯಾನದ ಇಡೀ ಕಥೆ ಈ ಎರಡು ಗುಣಗಳ ಮೇಲೆಯೇ ನಿಂತಿದೆ.

ಮೊದಲನೆಯ ಗುಣದಿಂದಾಗಿ, ಆಳದಲ್ಲಿದ್ದ ಹಳೆಯ ಬಿರುಕುಗಳು ತಡೆದ ಕಡೆ ಉಪ್ಪು ಮೇಲೆದ್ದು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದ ಉದ್ದನೆಯ ಏರಿಯಂತಹ ಉಬ್ಬುಗಳಾದವು. ಉಬ್ಬಿನ ಮೇಲಿದ್ದ ಶಿಲಾಪದರಗಳು ಕಮಾನಿನಂತೆ ಬಾಗಿದವು. ಬಾಗುವ ಸ್ವಭಾವವಿಲ್ಲದ ಮರಳುಗಲ್ಲನ್ನು ಬಾಗಿಸಿದರೆ ಅದು ಮಾಡಬಲ್ಲದ್ದು ಒಂದೇ, ಬಿರಿಯುವುದು. ಉಬ್ಬಿನ ಉದ್ದಕ್ಕೂ, ಅದಕ್ಕೆ ಸಮಾನಾಂತರವಾಗಿ, ಕೆಲವೇ ಅಡಿಗಳ ಅಂತರದಲ್ಲಿ ಸಾಲುಸಾಲು ಬಿರುಕುಗಳು ಬಿದ್ದವು. ಆದರೆ ಆಗ ಈ ಎಲ್ಲ ಪದರಗಳ ಮೇಲೆ ಇನ್ನೂ ಒಂದು ಮೈಲಿಗಿಂತ ಹೆಚ್ಚು ದಪ್ಪದ ಕಲ್ಲು ಹೇರಿಕೊಂಡಿತ್ತು. ಬಿರುಕುಗಳು ಇದ್ದರೂ ಭಾರಕ್ಕೆ ಬಿಗಿದುಕೊಂಡು ಮುಚ್ಚಿದ್ದವು.

ಮುಂದೆ ಇಡೀ ಕೊಲರಾಡೊ ಪ್ರಸ್ಥಭೂಮಿ ಮೇಲೆದ್ದಿತು, ಕೊಲರಾಡೊ ನದಿ ಮತ್ತು ಅದರ ಉಪನದಿಗಳು ಆಳಕ್ಕೆ ಕೊರೆದವು, ಆ ಮೈಲಿ ದಪ್ಪದ ಹೊದಿಕೆ ಮರಳಾಗಿ ಕೊಚ್ಚಿಹೋಯಿತು. ಹೊರೆ ಇಳಿದ ಕಲ್ಲು ಸಡಿಲಗೊಂಡು ಬಿರುಕುಗಳು ಬಾಯಿ ತೆರೆದವು. ತೆರೆದ ಬಿರುಕುಗಳಲ್ಲಿ ಮಳೆನೀರು ಇಳಿದು ಉಪ್ಪನ್ನು ಮುಟ್ಟಿತು, ಮತ್ತು ಉಪ್ಪಿನ ಎರಡನೆಯ ಗುಣ ಕೆಲಸಕ್ಕೆ ಬಂದಿತು. ಉಬ್ಬಿನ ನೆತ್ತಿಯ ಅಡಿಯ ಉಪ್ಪು ಕರಗಿದಂತೆ ಮೇಲಿನ ಕಲ್ಲು ಆಸರೆ ತಪ್ಪಿ ಕುಸಿಯಿತು. ಉದ್ಯಾನದ ನಡುವೆ ಹಾದುಹೋಗುವ ಸಾಲ್ಟ್ ವ್ಯಾಲಿ, ಅಂದರೆ ಉಪ್ಪಿನ ಕಣಿವೆ, ಹಾಗೆ ಕುಸಿದ ನೆತ್ತಿಯೇ. ಅದರ ತಳದಲ್ಲಿ ಉಪ್ಪು ಕರಗಿದ ಮೇಲೆ ಉಳಿದ ಜಿಪ್ಸಮ್ಮಿನ ಬೂದುಬಿಳಿ ದಿಣ್ಣೆಗಳು ಈಗಲೂ ಕಾಣುತ್ತವೆ. ನಕ್ಷೆಯಲ್ಲಿ ನೋಡಿದರೆ ಕಣಿವೆಯಂತೆ ಕಾಣುವ ಈ ಜಾಗ ಒಂದು ಕಾಲದ ಗುಡ್ಡದ ಬೆನ್ನು ಎಂಬುದು ನನಗಂತೂ ಕಮಾನುಗಳಿಗಿಂತ ದೊಡ್ಡ ಬೆರಗು. ನೆತ್ತಿ ಕುಸಿದಾಗ ಎರಡೂ ಬದಿಗಳ ಮರಳುಗಲ್ಲು ಕಣಿವೆಯತ್ತ ವಾಲಿ, ಮೊದಲೇ ಇದ್ದ ಬಿರುಕುಗಳು ಇನ್ನಷ್ಟು ಅಗಲವಾದವು. ಕಮಾನುಗಳು ಹೆಚ್ಚಾಗಿ ಕಣಿವೆಯ ಅಂಚುಗಳಲ್ಲೇ ಗುಂಪುಗೂಡಿರುವುದಕ್ಕೆ ಇದೇ ಕಾರಣ.

ಇನ್ನು ಕಲ್ಲಿನ ಹತ್ತಿರ ಹೋಗೋಣ. ಎಂಟ್ರಾಡಾ ಮರಳುಗಲ್ಲಿನ ಒಂದು ಚೂರನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಅದು ಕಲ್ಲೆನ್ನುವುದಕ್ಕಿಂತ ಅಂಟಿಸಿಟ್ಟ ಮರಳೆನ್ನುವುದೇ ಸರಿ ಎನ್ನಿಸುತ್ತದೆ. ಗಾಳಿಯಲ್ಲಿ ಉರುಳಿ ಉರುಳಿ ದುಂಡಗಾದ ಸ್ಫಟಿಕಶಿಲೆಯ ಕಾಳುಗಳು ಒಂದರ ಮೈಗೆ ಒಂದು ಒತ್ತಿಕೊಂಡಿವೆ. ಪ್ರತಿ ಕಾಳಿನ ಮೇಲೂ ತುಕ್ಕಿನ ಬಣ್ಣದ ತೆಳುವಾದ ಲೇಪವಿದೆ, ಅದು ಕಬ್ಬಿಣದ ಆಕ್ಸೈಡ್. ಕಾಳುಗಳ ನಡುವಿನ ಸಂದುಗಳಲ್ಲಿ ಅಲ್ಲಲ್ಲಿ ಬಿಳಿಯ ಅಂಟು ಇದೆ, ಅದು ಸುಣ್ಣದ ಖನಿಜವಾದ ಕ್ಯಾಲ್ಸೈಟ್. ಉಳಿದ ಸಂದುಗಳು ಖಾಲಿ. ಆ ಬಿಳಿಯ ಅಂಟಿನ ಮೇಲೆ ದುರ್ಬಲ ಆಮ್ಲದ ಒಂದು ಹನಿ ಬಿಟ್ಟರೆ ಅದು ಸಣ್ಣಗೆ ನೊರೆಯೇಳುತ್ತದೆ. ನೊರೆ ಇಳಿದ ಮೇಲೆ ಆ ಜಾಗವನ್ನು ಬೆರಳಿನಿಂದ ಉಜ್ಜಿದರೆ ಮರಳು ಬೆರಳಿಗೆ ಬರುತ್ತದೆ. ಕಾಳು ಕರಗಲಿಲ್ಲ, ಬರಿಯ ಅಂಟು ಕರಗಿತು.

ಮಳೆನೀರು ಮಾಡುವುದೂ ಇದನ್ನೇ. ಗಾಳಿಯಲ್ಲಿನ ಮತ್ತು ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ನೀರು ಅತಿ ದುರ್ಬಲವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಇಲ್ಲಿ ವರ್ಷಕ್ಕೆ ಬೀಳುವುದು 8ರಿಂದ 10 ಅಂಗುಲ ಮಳೆ ಮಾತ್ರ. ಅಷ್ಟು ಕಡಿಮೆ ನೀರು ಇಷ್ಟು ಕೆಲಸ ಮಾಡಲು ಸಾಧ್ಯವೇ ಎಂದರೆ, ಸಾಧ್ಯ. ಅಷ್ಟೇ ಅಲ್ಲ, ಕಡಿಮೆ ಇರುವುದರಿಂದಲೇ ಈ ಆಕಾರಗಳು ಉಳಿದಿವೆ. ಮಳೆ ಹೆಚ್ಚಿದ್ದ ನಾಡಿನಲ್ಲಿ ಇಂತಹ ಬಿಡಿಬಿಡಿ ಅಂಟಿನ ಕಲ್ಲು ಬೇಗನೆ ಕರಗಿ, ದಪ್ಪ ಮಣ್ಣಿನ ಹೊದಿಕೆಯ ಅಡಿಯಲ್ಲಿ ದುಂಡನೆಯ ಗುಡ್ಡವಾಗಿ ಮರೆಯಾಗುತ್ತಿತ್ತು. ಇಲ್ಲಿ ಮಣ್ಣು ಕಟ್ಟುವ ಮೊದಲೇ ಮರಳು ಜಾರಿಹೋಗಿ ಕಲ್ಲು ಬೆತ್ತಲೆ ನಿಲ್ಲುತ್ತದೆ.

ಚಳಿಗಾಲದಲ್ಲಿ ಇನ್ನೊಂದು ಶಕ್ತಿ ಸೇರಿಕೊಳ್ಳುತ್ತದೆ. ಇದು ಎತ್ತರದ ಮರುಭೂಮಿ; ಒಂದೇ ದಿನದಲ್ಲಿ ತಾಪಮಾನ 20 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಿಳಿಯುವುದುಂಟು. ಹಗಲು ಕರಗಿ ಬಿರುಕಿಗಿಳಿದ ಹಿಮದ ನೀರು ರಾತ್ರಿ ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕಲ್ಲಿನ ಸಂದಿಗೆ ಬೆಣೆ ಬಡಿದಂತೆ ಅದು ಬಿರುಕನ್ನು ಕೂದಲೆಳೆಯಷ್ಟು ಅಗಲ ಮಾಡುತ್ತದೆ. ಮರುದಿನ ಆ ಅಗಲವಾದ ಜಾಗಕ್ಕೆ ಅಷ್ಟೇ ಹೆಚ್ಚು ನೀರು ಇಳಿಯುತ್ತದೆ.

ಸಮಾನಾಂತರ ಬಿರುಕುಗಳು ಹೀಗೆ ಅಗಲವಾಗುತ್ತಾ ಹೋದಾಗ ಅವುಗಳ ನಡುವೆ ಉಳಿಯುವುದು ಎತ್ತರದ, ತೆಳುವಾದ ಕಲ್ಲುಗೋಡೆಗಳ ಸಾಲು. ಮೀನಿನ ಬೆನ್ನಿನ ಈಜುರೆಕ್ಕೆಯನ್ನು ಹೋಲುವ ಕಾರಣ ಇವನ್ನು ಇಂಗ್ಲಿಷಿನಲ್ಲಿ 'ಫಿನ್' ಎನ್ನುತ್ತಾರೆ. ಉದ್ಯಾನದ ಫಯರಿ ಫರ್ನೆಸ್ ಭಾಗದಲ್ಲಿ ಈ ಗೋಡೆಗಳು ಎಷ್ಟು ಒತ್ತಾಗಿವೆಯೆಂದರೆ ನಡುವಿನ ಓಣಿಗಳಲ್ಲಿ ದಾರಿ ತಪ್ಪುವುದು ಸುಲಭ. ಅದಕ್ಕಾಗಿಯೇ ಅಲ್ಲಿಗೆ ಉದ್ಯಾನದ ಸಿಬ್ಬಂದಿಯೊಡನೆ ಅಥವಾ ಪ್ರತ್ಯೇಕ ಪರವಾನಗಿ ಪಡೆದು ಮಾತ್ರ ಹೋಗಬಹುದು. ಓಣಿಗಳ ತಳದಲ್ಲಿ ಬಿದ್ದು ಸೇರಿಕೊಂಡ ಮರಳು ಒಂದು ಸ್ಪಂಜಿನ ಹಾಗೆ ವರ್ತಿಸುತ್ತದೆ. ಮಳೆ ನಿಂತು ಗೋಡೆಯ ಮೇಲ್ಭಾಗ ಒಣಗಿದ ಎಷ್ಟೋ ದಿನಗಳ ತನಕ ಆ ಮರಳು ತೇವವನ್ನು ಹಿಡಿದಿಟ್ಟು ಗೋಡೆಯ ಬುಡಕ್ಕೆ ಉಣಿಸುತ್ತಿರುತ್ತದೆ. ಆದ್ದರಿಂದ ಗೋಡೆ ನೆತ್ತಿಗಿಂತ ಬುಡದಲ್ಲಿ ಬೇಗ ಸವೆಯುತ್ತದೆ.

ಪದರಗಳ ಗಡಿಯೂ ಇದಕ್ಕೆ ನೆರವಾಗುತ್ತದೆ. ಸ್ಲಿಕ್ ರಾಕ್ ಪದರದ ಸಂದುಗಳಲ್ಲಿ ಸುಲಭವಾಗಿ ಇಳಿದುಬರುವ ನೀರಿಗೆ ನಯವಾದ ಹೂಳಿನ ಡ್ಯೂಯಿ ಬ್ರಿಜ್ ಪದರದೊಳಗೆ ಅಷ್ಟು ಸಲೀಸಾದ ದಾರಿಯಿಲ್ಲ. ಹಾಗಾಗಿ ಅದು ಗಡಿಯಲ್ಲಿ ತಡೆದು ಅಡ್ಡಕ್ಕೆ ಹರಿದು ಗೋಡೆಯ ಮೈಯಿಂದ ಒಸರುತ್ತದೆ. ಒಸರಿದ ಕಡೆಯೆಲ್ಲ ಅಂಟು ಕರಗುತ್ತದೆ, ಕಾಳು ಉದುರುತ್ತದೆ, ಮೊದಲು ಅಂಗೈಯಗಲದ ಗುಳಿ, ಮುಂದೆ ಮಂಡಿಯೂರಿ ಕೂರುವಷ್ಟು ಪೊಟರೆ, ಆಮೇಲೆ ಮೇಲಿನಿಂದ ಚಕ್ಕೆ ಕಳಚಿಬಿದ್ದು ಗವಿಯಂತಹ ಚಾಚು. ಗೋಡೆ ತೆಳುವಾಗಿದ್ದರೆ, ಅಥವಾ ಎರಡೂ ಬದಿಗಳಿಂದ ಇದೇ ಕೆಲಸ ನಡೆದಿದ್ದರೆ, ಒಂದು ದಿನ ಆಚೆ ಕಡೆಯ ಬೆಳಕು ಕಾಣುತ್ತದೆ. ವಿಂಡೋಸ್ ಎಂದು ಕರೆಯುವ ಭಾಗದ ದೊಡ್ಡ ಕಮಾನುಗಳು ಬಹುತೇಕ ಈ ಗಡಿಯಲ್ಲೇ ತೆರೆದವು. ಡೆಲಿಕೇಟ್ ಆರ್ಚ್ ಮಾತ್ರ ಮೇಲಿನ ಗಡಿಗೆ ಸೇರಿದ್ದು. ಯೂಟಾದ ವಾಹನಗಳ ನಂಬರ್ ಪ್ಲೇಟಿನ ಮೇಲೂ ಅಚ್ಚಾಗಿರುವ, 46 ಅಡಿ ಎತ್ತರ 32 ಅಡಿ ಅಗಲದ ಬಾಯಿಯ ಈ ಒಂಟಿ ಕಮಾನಿನ ಕಾಲುಗಳು ಸ್ಲಿಕ್ ರಾಕ್ ಪದರದವು, ನೆತ್ತಿಯ ಭಾಗ ಗಡಸಾದ ಮೋಆಬ್ ಪದರದ್ದು.

ಮೆತ್ತನೆಯ ಪದರ ಗೋಡೆಯಲ್ಲಿ ತೂತಾಗಿ ಸವೆಯುವ ಬದಲು ಒಂಟಿ ಕಂಬದ ಸುತ್ತ ಸಮನಾಗಿ ಸವೆದರೆ ಏನಾಗುತ್ತದೆ ಎಂಬುದಕ್ಕೆ ಬ್ಯಾಲೆನ್ಸ್ಡ್ ರಾಕ್ ಉದಾಹರಣೆ. ಒಟ್ಟು ಎತ್ತರ 128 ಅಡಿ. ಅದರಲ್ಲಿ ಮೇಲಿನ 55 ಅಡಿ ಸ್ಲಿಕ್ ರಾಕ್ ಬಂಡೆ, ಕೆಳಗೆ ಕುತ್ತಿಗೆಯಂತೆ ಕೃಶವಾಗಿರುವುದು ಡ್ಯೂಯಿ ಬ್ರಿಜ್ ಪದರದ ಪೀಠ. ಹೆಸರು ಹೇಳುವಂತೆ ಬಂಡೆ ತಕ್ಕಡಿಯ ಮೇಲೆ ತೂಗಿಟ್ಟದ್ದಲ್ಲ. ಅದು ತನ್ನ ಪೀಠಕ್ಕೆ ಇನ್ನೂ ಅಂಟಿಕೊಂಡಿರುವ ಒಂದೇ ಕಲ್ಲು. ಅದರ ಪಕ್ಕದಲ್ಲಿದ್ದ ಇಂತಹದೇ ಚಿಕ್ಕ ಬಂಡೆಯೊಂದು 1975–76ರ ಚಳಿಗಾಲದಲ್ಲಿ ಉರುಳಿಬಿತ್ತು.

ಗಾಳಿಯ ವಿಚಾರವನ್ನು ಇಲ್ಲಿ ಮುಗಿಸಿಬಿಡಬಹುದು. ಗಾಳಿ ಕೊರೆಯಬೇಕಾದರೆ ಅದಕ್ಕೆ ಮರಳಿನ ಉಳಿ ಬೇಕು. ಗಾಳಿಯಲ್ಲಿ ಕುಪ್ಪಳಿಸುವ ಮರಳಿನ ಕಾಳು ಸಾಮಾನ್ಯವಾಗಿ ನೆಲದಿಂದ ಒಂದೆರಡು ಮೀಟರಿಗಿಂತ ಮೇಲೆ ಹೋಗುವುದಿಲ್ಲ. ಹತ್ತಾರು ಅಡಿ ಎತ್ತರದಲ್ಲಿ ಗೋಡೆಯ ನಡುವೆ ತೆರೆದ ಕಿಂಡಿಗಳನ್ನು ಅದು ಕೊರೆದಿರಲಾರದು. ನೀರು ಬಿಡಿಸಿಹಾಕಿದ ಮರಳನ್ನು ಗುಡಿಸಿ ಸಾಗಿಸುವುದು ಗಾಳಿಯ ಪಾಲಿನ ಕೆಲಸ. ಹರಿಯುವ ಹೊಳೆಯೂ ಈ ಕಮಾನುಗಳ ಕರ್ತೃವಲ್ಲ. ಹೊಳೆ ಕೊರೆದು, ಕೆಳಗೆ ಅದರ ಪಾತ್ರವಿರುವ ರಚನೆಗೆ ಸಹಜ ಸೇತುವೆ ಎಂದು ಬೇರೆಯೇ ಹೆಸರು. ಅವುಗಳಿಗೆ ಪ್ರಸಿದ್ಧವಾದ ನ್ಯಾಚುರಲ್ ಬ್ರಿಜಸ್ ಎಂಬ ಸಂರಕ್ಷಿತ ಪ್ರದೇಶ ಇದೇ ರಾಜ್ಯದ ದಕ್ಷಿಣದಲ್ಲಿದೆ. ಇನ್ನೊಂದು ಅಪರೂಪದ ಬಗೆಯೂ ಆರ್ಚಸ್‌ನಲ್ಲಿ ಉಂಟು: ಬಂಡೆಯ ನೆತ್ತಿಯಲ್ಲಿ ನೀರು ನಿಂತು ಆದ ಗುಂಡಿ ಆಳವಾಗುತ್ತಾ ಹೋಗಿ, ಬದಿಯಿಂದ ಒಳಗೆ ಬರುತ್ತಿದ್ದ ಪೊಟರೆಯನ್ನು ಸಂಧಿಸಿದಾಗ ಆಕಾಶದತ್ತ ಬಾಯಿ ತೆರೆದ ಕಮಾನು ಹುಟ್ಟುತ್ತದೆ.

ಇಲ್ಲಿಯವರೆಗೆ ಹೇಳಿದ್ದು ತೂತು ಏಕೆ ಆಗುತ್ತದೆ ಎಂಬುದನ್ನು ವಿವರಿಸುತ್ತದೆ. ಆದರೆ ತೂತಾದ ಮೇಲೆ ಅದು ಕಮಾನಿನ ಆಕಾರವನ್ನೇ ಏಕೆ ತಳೆಯಬೇಕು? ಸವೆತ ಕುರುಡು, ಅದಕ್ಕೆ ಶಿಲ್ಪಶಾಸ್ತ್ರ ಗೊತ್ತಿಲ್ಲ. ಹಾಗಿದ್ದರೂ ಒಬ್ಬ ನುರಿತ ಕಟ್ಟಡಗಾರ ಆರಿಸಿಕೊಳ್ಳುವ ಆಕಾರವನ್ನೇ ಅದು ಮತ್ತೆ ಮತ್ತೆ, ಎರಡು ಸಾವಿರ ಕಡೆ, ಹೇಗೆ ತಲುಪಿತು?

ಒಂದು ಭಾಗದ ಉತ್ತರ ಹಳೆಯದು. ಕಲ್ಲು ಅದುಮುವ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಕಿಂಡಿಯ ಮೇಲೆ ನೇರವಾದ ತೊಲೆಯಂತೆ ಕಲ್ಲು ಉಳಿದಿದ್ದರೆ ಅದರ ಕೆಳಮೈ ಎಳೆತಕ್ಕೆ ಸಿಗುತ್ತದೆ. ಎಳೆತಕ್ಕೆ ಸಿಕ್ಕ ಭಾಗ ಬಿರುಕುಬಿಟ್ಟು ಚಕ್ಕೆಯಾಗಿ ಬೀಳುತ್ತದೆ. ಬಿದ್ದಂತೆಲ್ಲ ಕಿಂಡಿಯ ಮೇಲಂಚು ಬಾಗಿ, ಉಳಿದ ಕಲ್ಲಿನ ಭಾರವೆಲ್ಲ ಬದಿಯ ಕಾಲುಗಳಿಗೆ ಹರಿಯುವಂತಹ ವಕ್ರರೇಖೆ ಬರುತ್ತದೆ. ಆ ರೇಖೆ ಬಂದ ಮೇಲೆ ಎಳೆತಕ್ಕೆ ಸಿಗುವ ಭಾಗ ಬಹಳ ಕಡಿಮೆ ಉಳಿಯುತ್ತದೆ.

ಇದರಾಚೆಗಿನ ಉತ್ತರ ಬಂದದ್ದು 2014ರಲ್ಲಿ, ಯೂಟಾದಿಂದ ಬಹುದೂರದ ಪ್ರಾಗ್ ನಗರದಿಂದ. ಅಲ್ಲಿನ ಚಾರ್ಲ್ಸ್ ವಿಶ್ವವಿದ್ಯಾಲಯದ ಯಿರಿ ಬ್ರುಥನ್ಸ್ ಮತ್ತು ಸಂಗಡಿಗರು ನೇಚರ್ ಜಿಯೋಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳು ಮರಳುಗಲ್ಲಿನ ಸವೆತವನ್ನು ನೋಡುವ ದೃಷ್ಟಿಯನ್ನೇ ತಿರುಗಿಸಿದವು. ಅವರು ಬಳಸಿದ್ದು ಚೆಕ್ ದೇಶದ ಸ್ತ್ರೆಲೆಚ್ ಎಂಬಲ್ಲಿನ ಗಣಿಯ ಮರಳುಗಲ್ಲು. ಇದರ ವಿಶೇಷವೆಂದರೆ ಇದರಲ್ಲಿ ಕಾಳುಗಳನ್ನು ಹಿಡಿದಿಡುವ ಅಂಟು ಇಲ್ಲವೆನ್ನುವಷ್ಟು ಕಡಿಮೆ. ಕಾಳುಗಳು ಒಂದರೊಳಗೊಂದು ಹಲ್ಲುಕಚ್ಚಿಕೊಂಡಂತೆ ಕೂತಿರುವುದರಿಂದಷ್ಟೇ ಕಲ್ಲು ಕಲ್ಲಾಗಿ ನಿಂತಿದೆ. ಇದರ ಒಂದು ಘನವನ್ನು ನೀರಿನಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕುಸಿದು ಮರಳಿನ ರಾಶಿಯಾಗುತ್ತದೆ.

ಅದೇ ಘನದ ಮೇಲೆ ಭಾರ ಹೇರಿ ನೀರಿಗಿಳಿಸಿದಾಗ ನಡೆದದ್ದು ಬೇರೆ. ಮೊದಲು ಅಂಚುಗಳು ಕರಗಿದವು, ಬದಿಗಳು ಉದುರಿದವು, ಘನ ನಡುವಿನಲ್ಲಿ ತೆಳುವಾಗತೊಡಗಿತು. ನಿರೀಕ್ಷೆಯಂತೆ ಆಗಿದ್ದರೆ ತೆಳುವಾದದ್ದು ಇನ್ನೂ ಬೇಗ ಕುಸಿಯಬೇಕಾಗಿತ್ತು. ಆದರೆ ಒಂದು ಹಂತ ತಲುಪಿದ ಕೂಡಲೇ ಉದುರುವುದು ನಿಂತಿತು. ಭಾರ ಅಷ್ಟೇ ಇದ್ದು ಅದನ್ನು ಹೊರುವ ಕಲ್ಲು ಕಿರಿದಾದಂತೆ ಪ್ರತಿ ಕಾಳಿನ ಮೇಲಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಕಾಳುಗಳು ಪರಸ್ಪರ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಒಂದು ಮಿತಿ ದಾಟಿದ ಮೇಲೆ ನೀರಿಗೆ ಅವುಗಳನ್ನು ಬಿಡಿಸುವ ಶಕ್ತಿ ಸಾಲುವುದಿಲ್ಲ. ಹೇರಿದ ಭಾರವನ್ನು ತೆಗೆದರೆ ಆ ಕಂಬ ಮತ್ತೆ ನೀರಿನಲ್ಲಿ ಕುಸಿಯುತ್ತದೆ. ಅಂದರೆ ಕಂಬವನ್ನು ಬೀಳಿಸಬೇಕಾಗಿದ್ದ ಹೊರೆಯೇ ಅದನ್ನು ಕಾಪಾಡುತ್ತಿತ್ತು.

ಈ ಸೂತ್ರವನ್ನು ಕಲ್ಲುಗೋಡೆಗೆ ಅನ್ವಯಿಸಿ ನೋಡಿದರೆ ಎಷ್ಟೋ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಗೋಡೆಯಲ್ಲಿ ಅಡ್ಡಲಾಗಿ ಒಂದು ಪದರದ ಗಡಿಯೋ ಸೀಳೋ ಇದ್ದರೆ ಮೇಲಿನ ಭಾರ ಅದರ ಕೆಳಗಿನ ಭಾಗಕ್ಕೆ ಸಮನಾಗಿ ಇಳಿಯದೆ ಬದಿಗಳಿಗೆ ಸುತ್ತಿಕೊಂಡು ಹೋಗುತ್ತದೆ. ಹೊರೆ ಬೀಳದ ಭಾಗ ಸೋಮಾರಿ ಭಾಗ. ಅಲ್ಲಿ ಕಾಳುಗಳ ಹಿಡಿತ ಸಡಿಲ, ನೀರು ಅದನ್ನು ಬೇಗ ತೆಗೆದುಕೊಂಡು ಹೋಗುತ್ತದೆ. ಹೊರೆ ಹೊತ್ತ ಭಾಗ ಬಿಗಿಯಾಗಿ ಉಳಿಯುತ್ತದೆ. ಸೀಳು ಎಲ್ಲಿದೆ, ಎಷ್ಟು ಉದ್ದವಿದೆ ಎಂಬುದರ ಮೇಲೆ ಕಮಾನು, ಪೊಟರೆ, ಕಂಬ, ಪೀಠದ ಬಂಡೆ ಇವುಗಳಲ್ಲಿ ಯಾವುದು ಹೊರಬರುತ್ತದೆ ಎಂಬುದು ನಿರ್ಧಾರವಾಗುತ್ತದೆ. ಬ್ರುಥನ್ಸ್ ತಂಡ ಕಂಪ್ಯೂಟರಿನ ಲೆಕ್ಕಾಚಾರದಲ್ಲೂ ಈ ಆಕಾರಗಳನ್ನು ಪಡೆಯಿತು. ಒತ್ತಡಕ್ಕೆ ಸಿಕ್ಕ ಕಲ್ಲಿನಲ್ಲಿ ಹಿಮದ ಮತ್ತು ಲವಣದ ಸವೆತವೂ ನಿಧಾನವಾಗುತ್ತದೆಂದು ತೋರಿಸಿತು. ಎಂಟ್ರಾಡಾ ಕಲ್ಲಿನಲ್ಲಿ ಅಂಟು ಇರುವುದರಿಂದ ಅದು ಸ್ತ್ರೆಲೆಚ್ ಕಲ್ಲಿನಂತೆ ಕ್ಷಣದಲ್ಲಿ ಉದುರುವುದಿಲ್ಲ ಎಂಬುದನ್ನು ಮರೆಯಬಾರದು. ಆದರೆ ಮೇಲ್ಮೈಯ ಅಂಟು ಕರಗಿದ ಮೇಲೆ ಅಲ್ಲಿಯೂ ಉಳಿಯುವುದು ಕಾಳುಗಳ ಪರಸ್ಪರ ಹಿಡಿತವೇ.

ಹೀಗೆ ನೋಡಿದಾಗ ಕಮಾನನ್ನು ಯಾರೂ ಕೆತ್ತಲಿಲ್ಲ ಎನ್ನುವುದಕ್ಕಿಂತ, ಗೋಡೆಯೊಳಗೆ ಭಾರ ಹರಿಯುವ ದಾರಿಯೇ ಕಮಾನಾಗಿ ಹೊರಗೆ ಕಾಣಿಸಿಕೊಂಡಿತು ಎನ್ನುವುದು ಹೆಚ್ಚು ನಿಖರ. ಹೊರೆ ಹೊರದ ಕಲ್ಲನ್ನೆಲ್ಲ ಸವೆತ ತೆಗೆದುಹಾಕಿತು, ಅಷ್ಟೇ.

ಆದರೂ ಈ ರಕ್ಷಣೆಗೆ ಮಿತಿಯಿದೆ. ಒತ್ತಡ ಕಲ್ಲಿನ ತಾಳಿಕೆಯನ್ನೇ ಮೀರಿದಾಗ, ಅಥವಾ ಒಳಗಿನ ಬಿರುಕೊಂದು ಹೊರೆಯ ದಾರಿಯನ್ನು ಅಡ್ಡಗಟ್ಟಿದಾಗ, ಕಮಾನು ಮುರಿಯುತ್ತದೆ. ಡೆವಿಲ್ಸ್ ಗಾರ್ಡನ್ ಭಾಗದ ಲ್ಯಾಂಡ್‌ಸ್ಕೇಪ್ ಆರ್ಚ್ ಇದರ ಅಂಚಿನಲ್ಲೇ ನಿಂತಿರುವ ಕಮಾನು. ಬುಡದಿಂದ ಬುಡಕ್ಕೆ 306 ಅಡಿ ಉದ್ದ, ಅತಿ ತೆಳುವಾದ ಕಡೆ 6 ಅಡಿ ದಪ್ಪ. ಉತ್ತರ ಅಮೆರಿಕದಲ್ಲಿ ಇಷ್ಟು ಉದ್ದಕ್ಕೆ ಚಾಚಿದ ಕಮಾನು ಇನ್ನೊಂದಿಲ್ಲ. ಬೆಳಕು ತೂರುವ ಬಾಯಿಯನ್ನಷ್ಟೇ ಅಳೆದವರು 290 ಅಡಿ ಎನ್ನುತ್ತಾರೆ. ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂಬ ವಾದ ಕಮಾನುಪ್ರಿಯರ ನಡುವೆ ಮುಗಿಯುವಂಥದ್ದಲ್ಲ.

1991ರ ಸೆಪ್ಟೆಂಬರ್ 1ರಂದು ಈ ಕಮಾನಿನ ಕೆಳಗೆ ನೆರಳಿಗೆ ಕೂತಿದ್ದ ಪ್ರವಾಸಿಗರಿಗೆ ಮೇಲಿನಿಂದ ಚಿಟಚಿಟ ಬಿರಿಯುವ ಸದ್ದು ಕೇಳಿಸಿತು, ಸಣ್ಣ ಚೂರುಗಳು ಉದುರತೊಡಗಿದವು. ಅವರು ಎದ್ದು ಓಡಿದರು. ಅದಾದ ಕೂಡಲೇ ಕಮಾನಿನ ತೆಳು ಭಾಗದ ಕೆಳಮೈಯಿಂದ 60 ಅಡಿ ಉದ್ದ, 11 ಅಡಿ ಅಗಲ, 4 ಅಡಿ ದಪ್ಪದ ಚಪ್ಪಡಿ ಕಳಚಿ ಬಿತ್ತು. ತೂಕ ಸುಮಾರು 180 ಟನ್. ಬಿದ್ದ ಜಾಗವನ್ನು ಗಮನಿಸಬೇಕು: ಕೆಳಮೈ, ಎಳೆತಕ್ಕೆ ಸಿಗುವ ಭಾಗ. ಆ ಚಪ್ಪಡಿ ಕಮಾನಿನ ಹೊರೆಯನ್ನು ಹೊರುತ್ತಿರಲಿಲ್ಲ ಎಂದೇ ಅದು ಬಿದ್ದ ಮೇಲೂ ಕಮಾನು ನಿಂತಿತು. 1995ರ ಜೂನ್‌ನಲ್ಲಿ ಮತ್ತೆ ಕಲ್ಲು ಬಿದ್ದ ಬಳಿಕ ಕಮಾನಿನ ಅಡಿಗೆ ಹೋಗುವ ದಾರಿಯನ್ನು ಮುಚ್ಚಲಾಯಿತು. ಬಿದ್ದ ಚಪ್ಪಡಿಯ ತುಂಡುಗಳು ಈಗಲೂ ಇಳಿಜಾರಿನಲ್ಲಿ ಇವೆ. ಹಳೆಯ ಕಲ್ಲಿನ ಮೈ ಕಪ್ಪಿಟ್ಟಿದ್ದರೆ ಕಳಚಿದ ಜಾಗದ ಬಣ್ಣ ತಿಳಿಯಾಗಿರುವುದರಿಂದ ಗಾಯದ ಗುರುತು ದೂರದಿಂದಲೂ ಕಾಣುತ್ತದೆ.

ಇದಕ್ಕಿಂತ ಮೊದಲು, 1940ರಲ್ಲಿ, ಸ್ಕೈಲೈನ್ ಆರ್ಚ್‌ನ ಬಾಯಿಯಲ್ಲಿ ಸಿಕ್ಕಿಕೊಂಡಿದ್ದ ದೊಡ್ಡ ಬಂಡೆಯೊಂದು ಉರುಳಿ ಕಿಂಡಿ ಒಂದೇ ಏಟಿಗೆ ಸುಮಾರು ಎರಡರಷ್ಟು ಅಗಲವಾಯಿತು. ಸವೆತವೆಂದರೆ ಕಾಳು ಕಾಳಾಗಿ ನಡೆಯುವ ನಿಧಾನದ ಕೆಲಸ ಎಂಬ ಕಲ್ಪನೆಯನ್ನು ಇಂತಹ ಘಟನೆಗಳು ತಿದ್ದುತ್ತವೆ: ಅದು ಶತಮಾನಗಟ್ಟಲೆ ಕಾಳು ಕಾಳಾಗಿ ಸಿದ್ಧತೆ ನಡೆಸಿ, ಬೀಳಿಸುವುದನ್ನು ಕ್ಷಣದಲ್ಲಿ ಮುಗಿಸುತ್ತದೆ. ಲ್ಯಾಂಡ್‌ಸ್ಕೇಪ್‌ಗೆ ಹೋಗುವ ಅದೇ ಹಾದಿಯ ಮಗ್ಗುಲಲ್ಲಿದ್ದ, 71 ಅಡಿ ಅಗಲದ, ಉದ್ಯಾನದ ಹನ್ನೆರಡನೆಯ ಅತಿದೊಡ್ಡ ಕಮಾನೆನಿಸಿದ್ದ ವಾಲ್ ಆರ್ಚ್ 2008ರ ಆಗಸ್ಟ್ 4ರ ರಾತ್ರಿ ಪೂರ್ತಿ ಕುಸಿಯಿತು. ಕಂಡವರು ಯಾರೂ ಇಲ್ಲ.

ಇಂತಹ ಕುಸಿತವನ್ನು ಮುಂಚಿತವಾಗಿ ಅರಿಯಲಾದೀತೇ ಎಂಬ ಪ್ರಶ್ನೆಯನ್ನು ಹಿಡಿದು ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಆ ಪ್ರದೇಶದ ಕಮಾನುಗಳ ಮೇಲೆ ಕಂಪನಮಾಪಕಗಳನ್ನಿಟ್ಟು ದಾಖಲಿಸುತ್ತಿದ್ದಾರೆ. ಗಾಳಿ, ದೂರದ ವಾಹನಗಳು, ಭೂಮಿಯ ಸಹಜ ಮಿಡಿತ ಇವೆಲ್ಲ ಸೇರಿ ಕಮಾನನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಸದಾ ಅಲುಗಿಸುತ್ತಿರುತ್ತವೆ; ಮೀಟಿದ ತಂತಿಯಂತೆ ಪ್ರತಿ ಕಮಾನಿಗೂ ತನ್ನದೇ ಆದ ಕಂಪನದ ಲಯವಿದೆ. ಬಿಸಿಲಿಗೆ ಕಲ್ಲು ಹಿಗ್ಗಿ ಕುಗ್ಗುವಾಗ ಆ ಲಯ ದಿನದಿನವೂ ಸ್ವಲ್ಪ ಏರಿಳಿಯುತ್ತದೆ. ಆ ಏರಿಳಿತಕ್ಕೆ ಹೊರತಾದ, ಮರಳಿ ಬಾರದ ಬದಲಾವಣೆ ಕಂಡರೆ ಒಳಗೆ ಬಿರುಕು ಬೆಳೆದಿದೆ ಎಂದು ಊಹಿಸಬಹುದು. ಕಮಾನನ್ನು ಕೊರೆಯದೆ, ಕೆಡಿಸದೆ ಅದರ ಆರೋಗ್ಯ ನೋಡುವ ಉಪಾಯ ಇದು.

ಕಾಪಾಡುವ ವಿಷಯದಲ್ಲಿ ಉದ್ಯಾನದ ನಿಲುವು ಮೊದಲಿನಿಂದ ಇಷ್ಟು ಸ್ಪಷ್ಟವಾಗಿರಲಿಲ್ಲ. 1929ರ ಏಪ್ರಿಲ್ 12ರಂದು ಅಧ್ಯಕ್ಷ ಹರ್ಬರ್ಟ್ ಹೂವರ್ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು; 1971ರಲ್ಲಿ ಅದಕ್ಕೆ ರಾಷ್ಟ್ರೀಯ ಉದ್ಯಾನದ ಸ್ಥಾನ ಸಿಕ್ಕಿತು. ಈ ನಡುವೆ, 1950ರ ದಶಕದಲ್ಲಿ, ಡೆಲಿಕೇಟ್ ಆರ್ಚ್‌ನ ಸವೆದ ಕಾಲಿಗೆ ಪ್ಲಾಸ್ಟಿಕ್ ಲೇಪ ಹಚ್ಚಿ ನಿಲ್ಲಿಸಬಹುದೇ ಎಂದು ಗಂಭೀರವಾಗಿಯೇ ವಿಚಾರ ನಡೆದಿತ್ತು. ಕೊನೆಗೆ ಅದು ಆಗದ ಕೆಲಸವೆಂದೂ ಉದ್ಯಾನದ ಧ್ಯೇಯಕ್ಕೆ ಒಪ್ಪದ್ದೆಂದೂ ಕೈಬಿಡಲಾಯಿತು. ಕೈಬಿಟ್ಟದ್ದು ಒಳ್ಳೆಯದಾಯಿತು ಎನ್ನಲು ಧ್ಯೇಯದ ಮಾತೇ ಬೇಕಿಲ್ಲ: ಮೇಲ್ಮೈಯನ್ನು ಮುಚ್ಚಿದರೆ ಒಳಗೆ ಇಳಿದ ನೀರು ಹೊರಬರಲು ದಾರಿಯಿಲ್ಲದೆ ಲೇಪದ ಹಿಂದೆಯೇ ಹೆಪ್ಪುಗಟ್ಟಿ ಕಲ್ಲನ್ನು ಸಿಪ್ಪೆಯಂತೆ ಸುಲಿಯುವ ಸಾಧ್ಯತೆಯೇ ಹೆಚ್ಚು. 2006ರಲ್ಲಿ ಆರೋಹಿಯೊಬ್ಬ ಇದೇ ಕಮಾನನ್ನು ಏರಿ ಸುದ್ದಿಯಾದ ಮೇಲೆ ಹೆಸರಿರುವ ಕಮಾನುಗಳನ್ನು ಹತ್ತುವುದರ ಮೇಲಿನ ನಿಷೇಧವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬಿಗಿಗೊಳಿಸಲಾಯಿತು.

ಪ್ರವಾಸಿಗರ ಕಾಲ್ತುಳಿತದಿಂದ ನಿಜವಾಗಿ ಹಾಳಾಗುವುದು ಕಮಾನಿಗಿಂತ ಅದರ ಸುತ್ತಲಿನ ನೆಲ. ಹಾದಿಯ ಆಚೀಚೆ ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ, ಸುಟ್ಟ ಕರಿಯಂತೆ ಕಾಣುವ ಒಂದು ಪೊರೆ ಇರುತ್ತದೆ. ಅದು ಜೀವಂತ: ನೀಲಿಹಸಿರು ಸೂಕ್ಷ್ಮಾಣುಗಳ ಎಳೆಗಳು, ಕಲ್ಲುಹೂವು, ಪಾಚಿ ಸೇರಿ ಮರಳಿನ ಕಾಳುಗಳನ್ನು ಹೆಣೆದು ಹಿಡಿದ ಹೊದಿಕೆ. ಅದನ್ನು ಬಗ್ಗಿ ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಗೋಪುರಗಳ ಊರಿನಂತಿರುತ್ತದೆ, ಎತ್ತರ ಒಂದೆರಡು ಅಂಗುಲ ಮಾತ್ರ. ಒಂದು ಹೆಜ್ಜೆ ಇಟ್ಟರೆ ಪುಡಿಯಾಗುವ ಆ ಪೊರೆ ಮತ್ತೆ ಕೂಡಿಕೊಳ್ಳಲು ದಶಕಗಳು ಹಿಡಿಯುತ್ತವೆ. ಅಷ್ಟರಲ್ಲಿ ಕಟ್ಟುಬಿಚ್ಚಿದ ಮರಳನ್ನು ಗಾಳಿ, ನೀರು ಸಾಗಿಸಿಬಿಡುತ್ತವೆ.

ಉದ್ಯಾನದ ಕಮಾನುಗಳ ಪಟ್ಟಿಗೆ ಸೇರಲು ಒಂದು ಕನಿಷ್ಠ ಅಳತೆಯಿದೆ: ಕಿಂಡಿ ಯಾವುದಾದರೂ ಒಂದು ದಿಕ್ಕಿನಲ್ಲಿ ಕನಿಷ್ಠ 3 ಅಡಿ ತೆರೆದಿರಬೇಕು. ವಾಲ್ ಆರ್ಚ್ ಬಿದ್ದಾಗ ಆ ಪಟ್ಟಿಯಿಂದ ಒಂದು ಹೆಸರು ಹೋಯಿತು. ಎರಡೂವರೆ ಅಡಿಯ ಕಿಂಡಿಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ.